ಮೇಣದ ಬತ್ತಿಯಲ್ಲಿ ಉರಿಯುವುದೇನು?

ಇತ್ತೀಚಿನ ವರ್ಷಗಳಲ್ಲಿ ನಮ್ಮ ನಗರಗಳ ಅನೇಕ ಮನೆಗಳಲ್ಲಿ ಒಂದು ಹೊಸ ಕೆಲಸ ಆರಂಭವಾಗಿದೆ. ಅಡುಗೆ ಮುಗಿದ ಮೇಲೆ ಅದೇ ಒಲೆಯ ಮೇಲೆ ಸೋಯಾ ಮೇಣವನ್ನು ಕರಗಿಸಿ, ಮಲ್ಲಿಗೆಯದೋ ಗುಲಾಬಿಯದೋ ಪರಿಮಳ ಬೆರೆಸಿ, ಗಾಜಿನ ಲೋಟಗಳಲ್ಲಿ ಹೊಯ್ದು ಮೇಣದ ಬತ್ತಿ ಮಾಡಿ ಮಾರುವುದು. ಈ ಕೆಲಸದಲ್ಲಿ ತೊಡಗಿರುವವರಲ್ಲಿ ಗೃಹಿಣಿಯರಿದ್ದಾರೆ, ಕಾಲೇಜು ಓದುವ ಹೆಣ್ಣುಮಕ್ಕಳಿದ್ದಾರೆ. ಮದುವೆಯ ಉಡುಗೊರೆಗೆ, ಹಬ್ಬದ ಕಾಣಿಕೆಗೆ ಇವು ಖರ್ಚಾಗುತ್ತವೆ. ಲೋಟಕ್ಕೆ ಅಂಟಿಸಿದ ಚೀಟಿಯಲ್ಲಿ 'ನೈಸರ್ಗಿಕ', 'ಸಸ್ಯಜನ್ಯ', 'ಹೊಗೆ ಇಲ್ಲದ್ದು' ಎಂಬ ಮಾತುಗಳು ಇರುವುದು ಸಾಮಾನ್ಯ.

ಇದು ನಿನ್ನೆ ಮೊನ್ನೆ ಹುಟ್ಟಿದ ಫ್ಯಾಷನ್ ಎಂದು ಹಲವರು ಭಾವಿಸುತ್ತಾರೆ. ಆದರೆ ಬತ್ತಿಗೆ ಸುಗಂಧ ಬೆರೆಸುವುದು ಸಾವಿರ ವರ್ಷಕ್ಕೂ ಹಳೆಯದು. ಮನೆಯಲ್ಲಿ ಬತ್ತಿ ಮಾಡುವುದೂ ಹಳೆಯದೇ. ಈ ಎರಡೂ ಒಂದೇ ಮನೆಯಲ್ಲಿ ಸೇರಿದ್ದು ಮಾತ್ರ ಹೊಸದು. ಸುಗಂಧದ ಬತ್ತಿ ಅರಮನೆಯಲ್ಲಿತ್ತು, ಮನೆಯಲ್ಲಿ ಮಾಡಿದ ಬತ್ತಿ ಬಡವನ ಗುಡಿಸಲಲ್ಲಿತ್ತು. ಇವೆರಡರ ನಡುವಿನ ದೂರ ಹೇಗೆ ಕರಗಿತು ಎಂಬುದನ್ನು ತಿಳಿಯಲು ಪ್ರತಿ ಕಾಲದಲ್ಲೂ ಒಂದೇ ಪ್ರಶ್ನೆ ಕೇಳಬೇಕಾಗುತ್ತದೆ: ಈ ಬತ್ತಿಯಲ್ಲಿ ಉರಿಯುತ್ತಿರುವುದು ಏನು? ಅದನ್ನು ಒದಗಿಸಿದವರು ಯಾರು?

ಖಲೀಫರ ಮದುವೆಯ ರಾತ್ರಿ

ಹಿಜರಿ 210ರಲ್ಲಿ, ಅಂದರೆ ಕ್ರಿ.ಶ. 825ರ ಸುಮಾರಿಗೆ, ಅಬ್ಬಾಸಿ ಖಲೀಫ ಅಲ್ ಮಾಮೂನರ ವಿವಾಹವು ಬೂರಾನ್ ಎಂಬ ತರುಣಿಯೊಂದಿಗೆ ನಡೆಯಿತು. ಬೂರಾನ್‌ರ ತಂದೆ ಹಸನ್ ಬಿನ್ ಸಹ್ಲ್ ದೊಡ್ಡ ಶ್ರೀಮಂತರು. ಆ ಮದುವೆಯ ವೈಭವವನ್ನು ಇತಿಹಾಸಕಾರರು ಶತಮಾನಗಳ ಕಾಲ ಬಣ್ಣಿಸಿದರು. ಅದರಲ್ಲಿ ಇತಿಹಾಸಕಾರ ತಬರಿ ದಾಖಲಿಸಿರುವ ಒಂದು ಸಂಗತಿ ಇದೆ. ಮದುವೆಯ ರಾತ್ರಿ ಚಿನ್ನದ ಪಾತ್ರೆಯಲ್ಲಿ 40 ಮನ್ನ್ ತೂಕದ ಅಂಬರಿನ ಬತ್ತಿಯನ್ನು ಹಚ್ಚಲಾಯಿತು. ಅಂದಿನ ಮನ್ನ್ ಒಂದು ಕಿಲೋಗಿಂತ ಸ್ವಲ್ಪ ಕಡಿಮೆ. ಎಂದರೆ ಆ ಬತ್ತಿ 30 ಕಿಲೋ ಮೀರಿತ್ತು. ಅಂಬರ್ ಎಂದರೆ ತಿಮಿಂಗಿಲದ ಹೊಟ್ಟೆಯಲ್ಲಿ ಹುಟ್ಟಿ ಸಮುದ್ರದಲ್ಲಿ ತೇಲಿ ದಡ ಸೇರುವ ಸುಗಂಧ ದ್ರವ್ಯ. ಅಂದೂ ಇಂದೂ ಅದಕ್ಕೆ ಭಾರೀ ಬೆಲೆ.

ಈ ಪ್ರಸಂಗದಲ್ಲಿ ಗಮನಿಸಬೇಕಾದುದು ಬತ್ತಿಯ ಗಾತ್ರವನ್ನಲ್ಲ. ಅದನ್ನು ಕಂಡ ಮಾಮೂನ್ ಮೆಚ್ಚಲಿಲ್ಲ, ಇದು ಇಸ್ರಾಫ್, ದುಂದುವೆಚ್ಚ ಎಂದರು ಎಂಬುದನ್ನೂ ತಬರಿ ಬರೆದಿದ್ದಾರೆ. ಬೆಳಕಿಗಾಗಿ ಹಚ್ಚುವ ಬತ್ತಿ ಮತ್ತು ತೋರಿಕೆಗಾಗಿ ಹಚ್ಚುವ ಬತ್ತಿ ಬೇರೆ ಬೇರೆ ಎಂಬ ಅರಿವು ಆ ಅರಮನೆಯೊಳಗೂ ಇತ್ತು.

ಅರಬ್ ಜಗತ್ತಿನಲ್ಲಿ ಜೇನುಮೇಣದ ಬತ್ತಿ ಒಂದು ಕಲೆಯಾಗಿ, ತಂತ್ರಜ್ಞಾನವಾಗಿ ಬೆಳೆಯಿತು. ಮೊಸೂಲ್ ಮತ್ತು ಕೈರೋದ ಕುಶಲಕರ್ಮಿಗಳು ಹಿತ್ತಾಳೆಗೆ ಬೆಳ್ಳಿ ಕೂರಿಸಿ ಮಾಡಿದ ಬತ್ತಿಗಂಬಗಳು ಇಂದು ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿವೆ. ಅಲ್ ಜಝರಿ 1206ರಲ್ಲಿ ಪೂರ್ಣಗೊಳಿಸಿದ ಯಂತ್ರಗಳ ಗ್ರಂಥದಲ್ಲಿ, ಮೇಣ ಕರಗಿದಂತೆ ಗಂಟೆಗಳನ್ನು ತೋರಿಸುವ ಬತ್ತಿ ಗಡಿಯಾರಗಳ ವಿವರಣೆ ಇದೆ. ಮೊರಾಕ್ಕೊದ ಸಲೇ ನಗರದಲ್ಲಿ ಮೌಲಿದ್ ಸಂದರ್ಭದಲ್ಲಿ ಬಣ್ಣದ ಮೇಣದ ಅಲಂಕಾರಗಳನ್ನು ಹೊತ್ತು ಸಾಗುವ ಮೆರವಣಿಗೆಯ ಪದ್ಧತಿ 16ನೇ ಶತಮಾನದ ಸುಲ್ತಾನ ಅಹ್ಮದ್ ಅಲ್ ಮನ್ಸೂರರ ಕಾಲದ್ದು ಎನ್ನಲಾಗುತ್ತದೆ.

ಮಾತುಗಳೂ ಈ ವ್ಯಾಪಾರದ ಸಾಕ್ಷಿ ಹೇಳುತ್ತವೆ. ಉರ್ದುವಿನ 'ಶಮಾ' ಅರಬಿಯಿಂದ ಬಂತು. ನಮ್ಮ ಉತ್ತರ ಕರ್ನಾಟಕದ ಕಡೆ 'ಮೊಂಬತ್ತಿ' ಎನ್ನುವಾಗ ಅದರ 'ಮೋಂ' ಪಾರ್ಸಿ ಭಾಷೆಯ ಮೇಣ. ಇನ್ನೂ ಸ್ವಾರಸ್ಯದ ಸಂಗತಿ ಎಂದರೆ, ಫ್ರೆಂಚರು ಮೇಣದ ಬತ್ತಿಗೆ 'ಬೂಝಿ' ಎನ್ನುತ್ತಾರೆ. ಅದು ಅಲ್ಜೀರಿಯಾದ ಬಿಜಾಯ ಎಂಬ ಬಂದರಿನ ಹೆಸರು. ಆ ಊರಿನಿಂದ ಮೇಣ ಯುರೋಪಿಗೆ ಹೋಗುತ್ತಿತ್ತು. ಹಡಗಿನೊಂದಿಗೆ ಊರಿನ ಹೆಸರೂ ಹೋಗಿ ಬತ್ತಿಗೆ ಅಂಟಿಕೊಂಡಿತು. ಇಟಲಿಯ ಗಣಿತಜ್ಞ ಫಿಬೊನಾಚಿ ಭಾರತೀಯ ಮೂಲದ ಅಂಕಿಗಳನ್ನು ಕಲಿತದ್ದೂ ಇದೇ ಊರಿನಲ್ಲಿ.

ಗುಡಿಸಲಿನ ಬೆಳಕು

ಆದರೆ ಜೇನುಮೇಣ ಎಲ್ಲರಿಗೂ ಎಟುಕುವ ವಸ್ತುವಾಗಿರಲಿಲ್ಲ. ಯುರೋಪಿನಲ್ಲಿ ಅದು ಅರಮನೆಗೆ ಮತ್ತು ಚರ್ಚಿಗೆ ಮೀಸಲಾಯಿತು. ಉಳಿದವರು ದನ, ಕುರಿಗಳ ಕೊಬ್ಬಿನ ಬತ್ತಿ ಹಚ್ಚುತ್ತಿದ್ದರು. ಲಂಡನ್ನಿನಲ್ಲಿ ಈ ಎರಡು ಕಸುಬುಗಳ ಸಂಘಗಳೂ ಬೇರೆ ಬೇರೆಯಾಗಿದ್ದವು. ಕೊಬ್ಬಿನ ಬತ್ತಿಯವರಿಗೆ 1462ರಲ್ಲಿ, ಜೇನುಮೇಣದ ಬತ್ತಿಯವರಿಗೆ 1484ರಲ್ಲಿ ರಾಜಾಜ್ಞೆಯ ಸನ್ನದು ದೊರೆಯಿತು. ಕೊಬ್ಬಿನ ಬತ್ತಿ ಹೊಗೆ ಉಗುಳುತ್ತಿತ್ತು, ನಾರುತ್ತಿತ್ತು. ಅದರ ಸುಟ್ಟ ತುದಿಯನ್ನು ಆಗಾಗ ಕತ್ತರಿಸದಿದ್ದರೆ ಬೆಳಕು ಮಂಕಾಗುತ್ತಿತ್ತು.

ಅದಕ್ಕೂ ಗತಿಯಿಲ್ಲದವರು ಜೊಂಡು ಹುಲ್ಲನ್ನು ಆಶ್ರಯಿಸಿದರು. ಕೆರೆ ದಂಡೆಯ ಜೊಂಡನ್ನು ಕೊಯ್ದು, ಸಿಪ್ಪೆ ಸುಲಿದು, ತಿರುಳನ್ನು ಒಣಗಿಸಿ, ಅಡುಗೆಮನೆಯಲ್ಲಿ ಉಳಿದ ಜಿಡ್ಡಿನಲ್ಲಿ ಅದ್ದಿದರೆ ಬತ್ತಿ ಸಿದ್ಧ. ಇಂಗ್ಲೆಂಡಿನ ಪಾದ್ರಿ ಗಿಲ್ಬರ್ಟ್ ವೈಟ್ 1789ರಲ್ಲಿ ಪ್ರಕಟಿಸಿದ ತಮ್ಮ ಊರಿನ ನಿಸರ್ಗ ಚರಿತ್ರೆಯಲ್ಲಿ ಇದರ ಲೆಕ್ಕ ಕೊಟ್ಟಿದ್ದಾರೆ. ಒಂದು ಪೌಂಡು ಒಣ ಜೊಂಡಿನಲ್ಲಿ 1600 ಕಡ್ಡಿಗಳು. ಒಂದೊಂದು ಸರಾಸರಿ ಅರ್ಧ ಗಂಟೆ ಉರಿಯುತ್ತದೆ. ಅಲ್ಲಿಗೆ ಮೂರು ಶಿಲ್ಲಿಂಗಿಗೆ 800 ಗಂಟೆಗಳ ಬೆಳಕು. ಈ ಕೆಲಸ ಮಾಡುತ್ತಿದ್ದವರು ದುಡಿಯಲಾರದ ಮುದುಕರು, ಹೆಂಗಸರು, ಮಕ್ಕಳು. ಚಿಲ್ಲರೆ ಕಾಸಿನಲ್ಲೇ ಬದುಕುವ ತೀರಾ ಬಡವರು ಮಾತ್ರ ಅಂಗಡಿಯಿಂದ ಒಂದೊಂದೇ ಬತ್ತಿ ಕೊಂಡು ಹೆಚ್ಚು ಬೆಲೆ ತೆರುತ್ತಾರೆ ಎಂದೂ ಅವರು ಮರುಗುತ್ತಾರೆ.

ಸರಕಾರ ಈ ಬೆಳಕಿನ ಮೇಲೂ ಕಣ್ಣಿಟ್ಟಿತ್ತು. 1709ರಲ್ಲಿ ಬ್ರಿಟಿಷ್ ಸಂಸತ್ತು ಮೇಣದ ಬತ್ತಿಗಳ ಮೇಲೆ ತೆರಿಗೆ ಹೇರಿತು. ಪರವಾನಗಿ ಪಡೆದು ತೆರಿಗೆ ಕಟ್ಟದೆ ಮನೆಯಲ್ಲಿ ಬತ್ತಿ ಮಾಡುವುದು ಅಪರಾಧವಾಯಿತು. ಮನೆಬಳಕೆಯ ಜೊಂಡಿನ ಬತ್ತಿಗೆ ಮಾತ್ರ ವಿನಾಯಿತಿ ಉಳಿಯಿತು. ಈ ತೆರಿಗೆ ರದ್ದಾದದ್ದು 1831ರಲ್ಲಿ. ತನ್ನದೇ ಕುರಿಯ ಕೊಬ್ಬಿನಿಂದ ತನ್ನದೇ ಒಲೆಯ ಮೇಲೆ ಬತ್ತಿ ಮಾಡಿಕೊಂಡರೆ ದಂಡ ಎಂಬ ಈ ಕಾನೂನು ನಮಗೆ ಅಪರಿಚಿತವೇನಲ್ಲ. ಸಮುದ್ರದ ದಡದಲ್ಲೇ ಇದ್ದು ಉಪ್ಪು ಮಾಡಿಕೊಳ್ಳುವಂತಿಲ್ಲ ಎಂಬ ಕಾನೂನನ್ನು ಅದೇ ಸರಕಾರ ನಮ್ಮ ಮೇಲೂ ಹೇರಿತ್ತು. 1930ರಲ್ಲಿ ಅಂಕೋಲೆಯ ಜನ ಉಪ್ಪು ಮಾಡಿ ಅದನ್ನು ಮುರಿದರು. ಮನೆಯಲ್ಲಿ ತಯಾರಾಗುವ ಅತಿ ಸಾಮಾನ್ಯ ವಸ್ತುವನ್ನು ಮನೆಯಿಂದ ಕಿತ್ತುಕೊಂಡಾಗ ಅತಿ ಹೆಚ್ಚು ಏಟು ಬೀಳುವುದು ಬಡವನಿಗೆ ಎಂಬ ಪಾಠ ಎರಡೂ ಕಡೆ ಒಂದೇ.

ಕಾರ್ಖಾನೆಯ ಬತ್ತಿ

ತೆರಿಗೆ ಹೋಯಿತು, ಆದರೆ ಬತ್ತಿ ಮನೆಗೆ ಮರಳಲಿಲ್ಲ. ಅಷ್ಟರಲ್ಲಿ ರಸಾಯನ ಶಾಸ್ತ್ರ ಮುಂದೆ ಬಂದಿತ್ತು. ಫ್ರಾನ್ಸಿನ ಮಿಶೆಲ್ ಷೆವ್ರೊಲ್ ಎಂಬ ವಿಜ್ಞಾನಿ ಕೊಬ್ಬು ಎಂಬುದು ಒಂದೇ ವಸ್ತುವಲ್ಲ, ಗ್ಲಿಸರಿನ್ ಮತ್ತು ಹಲವು ಆಮ್ಲಗಳ ಕೂಟ ಎಂದು ತೋರಿಸಿ 1823ರಲ್ಲಿ ಗ್ರಂಥ ಪ್ರಕಟಿಸಿದರು. ಕೊಬ್ಬಿನಿಂದ ಸ್ಟಿಯರಿಕ್ ಆಮ್ಲವನ್ನು ಬೇರ್ಪಡಿಸಿದರೆ ಗಟ್ಟಿಯಾದ, ಬಿಳಿಯಾದ, ವಾಸನೆಯಿಲ್ಲದ ಬತ್ತಿ ಮಾಡಬಹುದಿತ್ತು. ಇದೇ ಹೊತ್ತಿಗೆ ಹೆಣೆದ ಹತ್ತಿಯ ದಾರದ ಬತ್ತಿಯೂ ಬಂತು. ಅದು ಉರಿಯುತ್ತಾ ಬಾಗಿ ತನ್ನ ತುದಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಇದರಿಂದ ಕತ್ತರಿಯ ಕೆಲಸ ತಪ್ಪಿತು.

1830ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಪ್ರೈಸ್ ಕಂಪನಿಯ ಚರಿತ್ರೆ ನೋಡಿದರೆ ಈ ಉದ್ಯಮದ ಬೇರುಗಳು ಎಲ್ಲೆಲ್ಲಿಗೆ ಚಾಚಿದ್ದವು ಎಂಬುದು ತಿಳಿಯುತ್ತದೆ. ಮೊದಲು ಅದು ಸಿಲೋನಿನ ತೆಂಗಿನ ತೋಟಗಳನ್ನು ಕೊಂಡಿತು. 1840ರಲ್ಲಿ ರಾಣಿ ವಿಕ್ಟೋರಿಯಾ ವಿವಾಹವಾದಾಗ ಜನ ಮನೆಗಳ ಕಿಟಕಿಯಲ್ಲಿ ಹಚ್ಚಲೆಂದು ತೆಂಗಿನೆಣ್ಣೆಯ ಅಂಶವಿದ್ದ ಅಗ್ಗದ ಬತ್ತಿಗಳನ್ನು ಮಾರಿತು. ಬಳಿಕ ಪಶ್ಚಿಮ ಆಫ್ರಿಕಾದ ತಾಳೆ ಎಣ್ಣೆಯತ್ತ ಹೊರಳಿತು. ಆಫ್ರಿಕನ್ನರು ಎಣ್ಣೆ ಮಾರಿ ಬದುಕುವಂತಾದರೆ ಗುಲಾಮರ ವ್ಯಾಪಾರ ನಿಲ್ಲುತ್ತದೆ, ಆದ್ದರಿಂದ ನಮ್ಮ ಬತ್ತಿ ಕೊಳ್ಳಿರಿ ಎಂಬುದು ಅದರ ಪ್ರಚಾರವಾಗಿತ್ತು. ಸರಕಿನ ಜತೆ ಒಳ್ಳೆಯತನವನ್ನೂ ಮಾರುವ ಜಾಹೀರಾತು ಇಂದಿನದಲ್ಲ ಎಂಬುದಕ್ಕೆ ಇದೊಂದು ಉದಾಹರಣೆ. 1850ರ ದಶಕದಲ್ಲಿ ಅದೇ ಕಂಪನಿ ಬರ್ಮಾದ ನೆಲದಡಿಯ ತೈಲವನ್ನು ರಂಗೂನಿನಿಂದ ತರಿಸಿ ಮೇಣ ತೆಗೆಯತೊಡಗಿತು. 1850ರಲ್ಲಿ ಜೇಮ್ಸ್ ಯಂಗ್ ಕಲ್ಲಿದ್ದಲಿನಿಂದ ಪ್ಯಾರಾಫಿನ್ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದರು. ಇಲ್ಲಿಂದ ಮುಂದೆ ಜಗತ್ತಿನ ಬತ್ತಿ ಪೆಟ್ರೋಲಿಯಂ ಮೇಣದ್ದಾಯಿತು. ನಮ್ಮಲ್ಲಿ ಕರೆಂಟು ಹೋದಾಗ ಹಚ್ಚುವ ಬಿಳಿ ಬತ್ತಿ ಇದೇ. ಅಸ್ಸಾಮಿನ ದಿಗ್ಬೋಯಿ ತೈಲ ಶುದ್ಧೀಕರಣ ಕೇಂದ್ರ ಈ ಮೇಣಕ್ಕೆ ಹೆಸರುವಾಸಿ.

ಯಾವ ಜಿಡ್ಡು ಎಂಬ ಪ್ರಶ್ನೆ ಎಷ್ಟು ದೊಡ್ಡದಾಗಬಲ್ಲದು ಎಂಬುದನ್ನು ನಮ್ಮ ದೇಶದ ಇತಿಹಾಸವೇ ತೋರಿಸಿದೆ. 1857ರಲ್ಲಿ ತೋಟಾಗಳಿಗೆ ಸವರಿದ ಜಿಡ್ಡು ದನದ್ದು, ಹಂದಿಯದ್ದು ಎಂಬ ಶಂಕೆ ಹಿಂದೂ ಮತ್ತು ಮುಸ್ಲಿಂ ಸಿಪಾಯಿಗಳಿಬ್ಬರನ್ನೂ ಕೆರಳಿಸಿತು. ಸಿಪಾಯಿಗಳೇ ತಮಗೆ ಒಪ್ಪುವ ಜಿಡ್ಡನ್ನು ಸವರಿಕೊಳ್ಳಲಿ ಎಂದು ಅಧಿಕಾರಿಗಳು ಹೇಳುವ ಹೊತ್ತಿಗೆ ಕಾಲ ಮೀರಿತ್ತು. ದಂಗೆಗೆ ಅದೊಂದೇ ಕಾರಣವಲ್ಲ. ಆದರೂ ಮನುಷ್ಯ ಮುಟ್ಟುವ, ಬಾಯಿಗಿಡುವ ವಸ್ತುವಿನಲ್ಲಿ ಏನಿದೆ ಎಂಬುದನ್ನು ಬಚ್ಚಿಟ್ಟರೆ ನಂಬಿಕೆ ಹೇಗೆ ಮುರಿಯುತ್ತದೆ ಎಂಬುದಕ್ಕೆ ಅದು ಎಚ್ಚರಿಕೆ.

ನಮ್ಮ ಕಾಡಿನ ಮೇಣ

ನಮ್ಮ ನಾಡಿನಲ್ಲಿ ಮೇಣದ ಬತ್ತಿ ಬೇರೂರದಿರಲು ಕಾರಣ ಸ್ಪಷ್ಟ. ಎಳ್ಳು, ಹರಳು, ಹೊಂಗೆ, ತೆಂಗು ಯಥೇಚ್ಛವಾಗಿದ್ದ ಕಡೆ ಹಣತೆ ಸಾಕಿತ್ತು. ಕೊಬ್ಬಿನ ಬತ್ತಿಯಂತೂ ಇಲ್ಲಿನ ಸೆಖೆಗೆ ಬಾಗಿ ಬೀಳುತ್ತದೆ. ಆದರೂ ಪಶ್ಚಿಮ ಘಟ್ಟದಲ್ಲಿ ಒಂದು ಮರವಿದೆ. ಅದನ್ನು ನಾವು ಧೂಪದ ಮರ ಎನ್ನುತ್ತೇವೆ. ಅದರ ಬೀಜವನ್ನು ಜಜ್ಜಿ ಕುದಿಸಿದರೆ ಮೇಲೆ ತೇಲುವ ಕೊಬ್ಬು ಆರಿದಾಗ ಮೇಣದಂತೆ ಗಟ್ಟಿಯಾಗುತ್ತದೆ. 19ನೇ ಶತಮಾನದ ಬ್ರಿಟಿಷರು ಇದಕ್ಕೆ 'ಮಲಬಾರ್ ಟ್ಯಾಲೋ' ಎಂದು ಹೆಸರಿಟ್ಟು, ಮೇಣದ ಬತ್ತಿಗೆ ಯೋಗ್ಯವೆಂದು ಬರೆದರು. ಅದೇ ಮರದ ಕಾಂಡದಿಂದ ಒಸರುವ ಅಂಟು ಕೆಂಡದ ಮೇಲೆ ಹಾಕಿದರೆ ಪರಿಮಳ ಬೀರುವ ಧೂಪ. ಬತ್ತಿಯ ಮೇಣವನ್ನೂ ಸುಗಂಧವನ್ನೂ ಒಟ್ಟಿಗೇ ಕೊಡುವ ಮರ ನಮ್ಮ ಕಾಡಿನಲ್ಲಿತ್ತು. ಇಂದು ಅದು ಅಪಾಯದ ಅಂಚಿನಲ್ಲಿರುವ ಮರಗಳ ಪಟ್ಟಿ ಸೇರಿದೆ.

ಡಾಲ್ಡಾದ ಬಂಧು

ಈಗ ಸೋಯಾ ಮೇಣಕ್ಕೆ ಬರೋಣ. ಸೋಯಾ ಕಾಳಿನಲ್ಲಿ ಮೇಣವಿಲ್ಲ, ಇರುವುದು ಎಣ್ಣೆ. ನೀರಿನಂತೆ ಹರಿಯುವ ಆ ಎಣ್ಣೆ ಗಟ್ಟಿಯಾದ ಮೇಣವಾಗುವುದು ಹೇಗೆ? ಉತ್ತರ ನಮ್ಮ ಅಡುಗೆಮನೆಯ ಕಪಾಟಿನಲ್ಲೇ ಇದೆ. ಜರ್ಮನಿಯ ವಿಲ್‌ಹೆಲ್ಮ್ ನಾರ್ಮನ್ ಎಂಬ ರಸಾಯನಜ್ಞ 1902ರಲ್ಲಿ, ನಿಕ್ಕಲ್ ಲೋಹದ ನೆರವಿನಿಂದ ಎಣ್ಣೆಯ ಜತೆ ಜಲಜನಕವನ್ನು ಕೂಡಿಸಿ ಅದನ್ನು ಗಟ್ಟಿಗೊಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯನ್ನು 1837ರಲ್ಲಿ ಕಟ್ಟಿದವರು ಒಬ್ಬ ಬತ್ತಿ ಮಾಡುವವನು ಮತ್ತು ಒಬ್ಬ ಸಾಬೂನು ಮಾಡುವವನು. ವಿದ್ಯುತ್ ದೀಪದ ಕಾಲದಲ್ಲಿ ಬತ್ತಿಯ ವ್ಯಾಪಾರ ಇಳಿಯಿತು. ಅದೇ ಕಂಪನಿ 1911ರಲ್ಲಿ ಹತ್ತಿಬೀಜದ ಎಣ್ಣೆಯನ್ನು ಗಟ್ಟಿ ಮಾಡಿ 'ಕ್ರಿಸ್ಕೊ' ಎಂಬ ಅಡುಗೆ ಕೊಬ್ಬನ್ನು ಮಾರುಕಟ್ಟೆಗೆ ತಂದಿತು. ಭಾರತದಲ್ಲಿ 1937ರಲ್ಲಿ ಬಂದ ಡಾಲ್ಡಾ ತಯಾರಾದದ್ದೂ ಇದೇ ವಿಧಾನದಲ್ಲಿ.

1990ರ ದಶಕದಲ್ಲಿ ಅಮೆರಿಕದ ಅಯೋವಾ ರಾಜ್ಯದ ಮೈಕಲ್ ರಿಚರ್ಡ್ಸ್ ಎಂಬವರು ಜೇನುಮೇಣಕ್ಕೆ ಅಗ್ಗದ ಬದಲಿ ಹುಡುಕುತ್ತಾ ಸೋಯಾ ಎಣ್ಣೆಯತ್ತ ಬಂದರು. ಅಯೋವಾ ಸೋಯಾ ಬೆಳೆಯುವ ಪ್ರಮುಖ ರಾಜ್ಯ. ಅಲ್ಲಿನ ಎಣ್ಣೆಗೆ ಹೊಸ ಬಳಕೆ ಬೇಕಾಗಿತ್ತು. ಹೀಗೆ ಒಂದು ಕಾಲದಲ್ಲಿ ಬತ್ತಿಯ ಅಂಗಡಿಯಿಂದ ಅಡುಗೆಮನೆಗೆ ಹೋದ ಗಟ್ಟಿ ಕೊಬ್ಬು ಮತ್ತೆ ಬತ್ತಿಗೆ ಮರಳಿತು. ಸೋಯಾ ಮೇಣವನ್ನು ಡಾಲ್ಡಾದ ಹತ್ತಿರದ ಬಂಧು ಎಂದರೆ ತಪ್ಪಿಲ್ಲ. ಅದು ಸಸ್ಯಜನ್ಯ ನಿಜ. ಆದರೆ ಗಿಡದಿಂದ ನೇರವಾಗಿ ಇಳಿದದ್ದಲ್ಲ, ದೊಡ್ಡ ಕಾರ್ಖಾನೆಯ ಮೂಲಕ ಬಂದದ್ದು.

ಮನೆಯ ಒಲೆಯ ಮೇಲೆ

ಮನೆಯಲ್ಲಿ ಮಾಡುವ ವಿಧಾನ ಕಷ್ಟದ್ದಲ್ಲ, ಆದರೆ ತಾಳ್ಮೆ ಬೇಡುತ್ತದೆ. ಮೇಣದ ಚಕ್ಕೆಗಳನ್ನು ಒಂದು ಪಾತ್ರೆಯಲ್ಲಿ ಹಾಕಿ, ಅದನ್ನು ಕುದಿಯುವ ನೀರಿನ ಇನ್ನೊಂದು ಪಾತ್ರೆಯೊಳಗಿಟ್ಟು ಕರಗಿಸಬೇಕು. ನೇರ ಉರಿಯ ಮೇಲಿಟ್ಟರೆ ಮೇಣ ಅತಿಯಾಗಿ ಕಾದು ಹೊತ್ತಿಕೊಳ್ಳಬಹುದು. ಹಾಗೆ ಹೊತ್ತಿಕೊಂಡರೆ ನೀರು ಸುರಿಯಬಾರದು. ಒಲೆ ಆರಿಸಿ ಮುಚ್ಚಳದಿಂದ ಮುಚ್ಚಬೇಕು. ಸುಮಾರು 75 ಡಿಗ್ರಿಗೆ ಬಂದಾಗ 100 ಗ್ರಾಂ ಮೇಣಕ್ಕೆ ಆರರಿಂದ ಎಂಟು ಗ್ರಾಂ ಸುಗಂಧ ತೈಲ ಸೇರಿಸಿ ಎರಡು ನಿಮಿಷ ಮೆಲ್ಲಗೆ ಕಲಕಬೇಕು. ಹೆಚ್ಚು ಹಾಕಿದರೆ ಹೆಚ್ಚು ಪರಿಮಳ ಎಂಬುದು ಭ್ರಮೆ. ಮೇಣ ಹೀರಲಾಗದ ತೈಲ ಮೇಲೆ ಬೆವರಿನಂತೆ ಒಸರಿ ನಿಲ್ಲುತ್ತದೆ, ಉರಿಯುವಾಗ ಹೊಗೆ ಎಬ್ಬಿಸುತ್ತದೆ. ಲೋಟದ ನಡುವೆ ಹತ್ತಿಯ ದಾರವನ್ನು ನೆಟ್ಟಗೆ ನಿಲ್ಲಿಸಿ, ಮೇಣ 55-60 ಡಿಗ್ರಿಗೆ ಇಳಿದಾಗ ಹೊಯ್ಯಬೇಕು. ಆಮೇಲೆ ಒಂದೆರಡು ವಾರ ಮುಚ್ಚಿಟ್ಟರೆ ಪರಿಮಳ ಮೇಣದಲ್ಲಿ ಚೆನ್ನಾಗಿ ನೆಲೆಗೊಳ್ಳುತ್ತದೆ.

ಲೋಟವೇ ಏಕೆ ಎಂದು ಕೇಳಬಹುದು. ಸೋಯಾ ಮೇಣ ಮೃದು, 50 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಕಲಬುರಗಿ, ರಾಯಚೂರಿನ ಬೇಸಗೆಯಲ್ಲಿ ಆಸರೆಯಿಲ್ಲದೆ ನಿಲ್ಲಲಾರದು. ದಾರದ ದಪ್ಪವೂ ಮುಖ್ಯ. ಸಣ್ಣದಾದರೆ ನಡುವೆ ಬಾವಿ ತೋಡಿದಂತೆ ಉರಿದು ಸುತ್ತಲಿನ ಮೇಣ ಉಳಿಯುತ್ತದೆ, ದಪ್ಪವಾದರೆ ಮಸಿ ಹಿಡಿಯುತ್ತದೆ. ಹಿಂದೆ ದಾರ ನೆಟ್ಟಗೆ ನಿಲ್ಲಲೆಂದು ಒಳಗೆ ಸೀಸದ ಎಳೆ ಸೇರಿಸುತ್ತಿದ್ದರು. ಅದರ ಹೊಗೆ ಮಕ್ಕಳಿಗೆ ಅಪಾಯಕಾರಿ ಎಂದು ಅಮೆರಿಕ 2003ರಲ್ಲಿ ಅದನ್ನು ನಿಷೇಧಿಸಿತು. ದಾರ ಕೊಳ್ಳುವಾಗ ಒಳಗೇನಿದೆ ಎಂದು ಕೇಳುವುದು ಅತಿ ಎಚ್ಚರವಲ್ಲ.

ಇನ್ನು ಚೀಟಿಯ ಮೇಲಿನ ಮಾತುಗಳು. ಹೊಗೆಯೇ ಇಲ್ಲದ ಬತ್ತಿ ಇಲ್ಲ. ಸೋಯಾದ್ದರಲ್ಲಿ ಮಸಿ ಕಡಿಮೆ ಇರಬಹುದು. ಗಾಳಿಗೆ ಜ್ವಾಲೆ ಹೊಯ್ದಾಡಿದರೆ ಯಾವ ಮೇಣವೂ ಮಸಿ ಉಗುಳುತ್ತದೆ. ಮೇಣ ಸಸ್ಯಜನ್ಯವಾದ ಮಾತ್ರಕ್ಕೆ ಅದರಲ್ಲಿರುವ ಸುಗಂಧವೂ ಸಸ್ಯಜನ್ಯವಲ್ಲ. ಅಗ್ಗದ ತೈಲಗಳು ಬಹುಪಾಲು ಕೃತಕ. ಅಸಲಿ ಶ್ರೀಗಂಧದ ಎಣ್ಣೆಯ ಬೆಲೆ ತಿಳಿದವರಾರೂ ಅದನ್ನು ಬತ್ತಿಗೆ ಧಾರಾಳವಾಗಿ ಸುರಿಯಲಾರರು. ಸೋಯಾ ಬೆಳೆಯ ಹಿಂದೆಯೂ ಪ್ರಶ್ನೆಗಳಿವೆ. ಬ್ರೆಜಿಲ್‌ನಲ್ಲಿ ಸೋಯಾ ಹೊಲಗಳಿಗಾಗಿ ಅಪಾರ ಕಾಡು, ಹುಲ್ಲುಗಾವಲು ನಾಶವಾಗಿದೆ. ನಮ್ಮ ಬೀದರ್, ಧಾರವಾಡ, ಬೆಳಗಾವಿಯ ರೈತರೂ ಸೋಯಾ ಬೆಳೆಯುತ್ತಾರೆ. ಆದರೆ ತಮ್ಮ ಬತ್ತಿಯಲ್ಲಿರುವುದು ಯಾವ ನೆಲದ ಸೋಯಾ ಎಂದು ಹೇಳಬಲ್ಲ ಮಾರಾಟಗಾರರು ವಿರಳ.

ಪರಿಮಳ ಯಾರದು, ಹೆಸರು ಯಾರದು?

ಹಾಗಾದರೆ ಇದೆಲ್ಲ ಬೂಟಾಟಿಕೆಯೇ? ಹಾಗೆ ಹೇಳುವುದು ಅನ್ಯಾಯ. ಇದರ ಬೆಲೆಯನ್ನು ಅರಿಯಲು ನಮ್ಮದೇ ಇನ್ನೊಂದು ಸುಗಂಧದ ಕಸುಬನ್ನು ನೋಡಬೇಕು. ಮೈಸೂರು, ಬೆಂಗಳೂರುಗಳ ಊದುಬತ್ತಿ ಉದ್ಯಮ ಹಲವು ದಶಕಗಳ ಕಾಲ ಮನೆಯಲ್ಲಿ ಕುಳಿತು ಬತ್ತಿ ಹೊಸೆಯುವ ಮಹಿಳೆಯರ ಅಂಗೈ ಮೇಲೆ ನಿಂತಿತ್ತು. ಅವರಲ್ಲಿ ಬಡ ಮುಸ್ಲಿಂ ಮನೆಗಳ ಹೆಣ್ಣುಮಕ್ಕಳು ಬಹಳ. ಸಾವಿರ ಬತ್ತಿಗೆ ಇಷ್ಟು ಎಂದು ಕೂಲಿ. ಅವರು ಹೊಸೆದದ್ದು ಪರಿಮಳವಿಲ್ಲದ ಕಪ್ಪು ಬತ್ತಿಯನ್ನು. ಪರಿಮಳ ಸೇರುತ್ತಿದ್ದದ್ದು, ಬಣ್ಣದ ಪೆಟ್ಟಿಗೆಯ ಮೇಲೆ ಹೆಸರು ಬೀಳುತ್ತಿದ್ದದ್ದು ಬೇರೆಡೆ. ಲಾಭ ಇದ್ದದ್ದು ಆ ಎರಡರಲ್ಲೇ. ಬೀಡಿಯ ಕಥೆಯೂ ಹೆಚ್ಚು ಕಡಿಮೆ ಇದೇ.

ಮನೆಯಲ್ಲಿ ಮಾಡುವ ಸುಗಂಧ ಮೇಣದ ಬತ್ತಿಯಲ್ಲಿ ಈ ಸಂಬಂಧ ಬದಲಾಗಿದೆ. ಇಲ್ಲಿ ಮೇಣ ಕರಗಿಸುವವಳು, ಪರಿಮಳ ಆರಿಸುವವಳು, ಬೆಲೆ ಕಟ್ಟುವವಳು, ಚೀಟಿಯ ಮೇಲೆ ಹೆಸರು ಬರೆಯುವವಳು ಒಬ್ಬಳೇ. ಕೆಲಸ ಸಣ್ಣದಿರಬಹುದು, ಆದರೆ ಕೂಲಿಗೂ ಕಸುಬಿಗೂ ಇರುವ ವ್ಯತ್ಯಾಸ ಇದೇ. ಈ ವ್ಯತ್ಯಾಸ ಉಳಿಯಬೇಕಾದರೆ ಎರಡು ಎಚ್ಚರ ಬೇಕು. ಒಂದು, ಲೆಕ್ಕ. ಮೇಣ, ದಾರ, ಲೋಟ, ತೈಲದ ಜತೆ ತನ್ನ ದುಡಿಮೆಯ ಗಂಟೆಗಳನ್ನೂ ಬೆಲೆಯಲ್ಲಿ ಸೇರಿಸದಿದ್ದರೆ ಅವಳು ತನಗೆ ತಾನೇ ಕೂಲಿಯಾಳಾಗುತ್ತಾಳೆ. ಬೇಡಿಕೆ ಇರುವುದು ಹಬ್ಬ ಮತ್ತು ಮದುವೆಗಳ ತಿಂಗಳುಗಳಲ್ಲಿ ಎಂಬುದನ್ನು ಮರೆತು ಸಾಲ ಮಾಡಿ ಮೂಟೆಗಟ್ಟಲೆ ಮೇಣ ಕೊಳ್ಳುವುದು ಅಪಾಯ.

ಎರಡನೆಯದು ಚೀಟಿ. ಊದುಬತ್ತಿ ಹೊಸೆದವಳು ಪೆಟ್ಟಿಗೆಯ ಮೇಲಿನ ಮಾತಿಗೆ ಹೊಣೆಯಾಗಿರಲಿಲ್ಲ. ತನ್ನ ಹೆಸರಿನಲ್ಲಿ ಮಾರುವವಳು ಹೊಣೆ. ಸಗಟು ವ್ಯಾಪಾರಿ ಹೇಳಿದ 'ನೂರಕ್ಕೆ ನೂರು ನೈಸರ್ಗಿಕ'ವನ್ನು ಹಾಗೆಯೇ ಬರೆಯುವ ಬದಲು 'ಸೋಯಾ ಮೇಣ, ಹತ್ತಿಯ ದಾರ, ಸುಗಂಧ ತೈಲ' ಎಂದು ಇದ್ದದ್ದನ್ನು ಇದ್ದಂತೆ ಬರೆದರೆ ಕೊಳ್ಳುವವರು ಓಡಿಹೋಗುವುದಿಲ್ಲ. ಒಮ್ಮೆ ಕೊಂಡವರು ಮತ್ತೆ ಬರುವುದು ಆ ನಂಬಿಕೆಯಿಂದಲೇ.

ಸುಗಂಧ ಮೇಣದ ಬತ್ತಿ ಇಂದು ಅಗತ್ಯವಲ್ಲ, ಅಲಂಕಾರ. ಸ್ವಿಚ್ಚು ಒತ್ತಿದರೆ ಬೆಳಕು ಬರುತ್ತದೆ. ಕೊಳ್ಳುವವರು ಮಾಮೂನರ ಮಾತನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಹತ್ತು ಬತ್ತಿ ಹಚ್ಚುವುದು ತೋರಿಕೆ, ಒಂದು ಹಚ್ಚಿದರೂ ಕೋಣೆ ಘಮಘಮಿಸುತ್ತದೆ. ಆ ಒಂದನ್ನು ಕೊಳ್ಳುವಾಗ ಚೌಕಾಸಿ ಮಾಡುವ ಮೊದಲು ಅದನ್ನು ಮಾಡಿದವರನ್ನೇ ಕೇಳಿ: ಇದರಲ್ಲಿ ಉರಿಯುವುದೇನು? ಅರಮನೆಯ ಬತ್ತಿಗೂ ಕಾರ್ಖಾನೆಯ ಬತ್ತಿಗೂ ಈ ಪ್ರಶ್ನೆಯನ್ನು ನೇರವಾಗಿ ಕೇಳುವ ಅವಕಾಶ ಕೊಳ್ಳುವವರಿಗೆ ಇರಲಿಲ್ಲ. ಪಕ್ಕದ ಬೀದಿಯ ಮನೆಯಲ್ಲಿ ತಯಾರಾದ ಬತ್ತಿಗೆ ಕೇಳಬಹುದು, ಉತ್ತರವನ್ನೂ ಪಡೆಯಬಹುದು.